ಹಿತ್ತಲ ಮರದ ರೂಮು: 28 ಸಾಕಾ, 44 ಬೇಕಾ, 70 ಯಾಕೆ?

ಮೊದ್ಲೇ ಹೇಳ್ಬಿಡ್ತೀನಿ, ಬೆಂಗಳೂರಲ್ಲಿ ಮರದ ರೂಮು ಮಾಡ್ಸೋರು ಗೋಡೆ ಎಷ್ಟು ದಪ್ಪ ಇರ್ಬೇಕು ಅಂತ ತಲೆ ಕೆಡಿಸ್ಕೊಳ್ಳೋದ್ರಲ್ಲಿ ಅರ್ಧದಷ್ಟಾದ್ರೂ ರೂಫು ಮತ್ತೆ ತಳಪಾಯದ ಬಗ್ಗೆ ಕೆಡಿಸ್ಕೊಂಡ್ರೆ ದುಡ್ಡೂ ಉಳಿಯುತ್ತೆ, ರೂಮೂ ಉಳಿಯುತ್ತೆ. ಶೋರೂಮಿನವ್ರು ಇದನ್ನ ಹೇಳಲ್ಲ, ಮಿಲಿಮೀಟರ್ ಏರಿದಷ್ಟೂ ಬಿಲ್ಲೂ ಏರುತ್ತಲ್ಲ.

ನಾವು ತಗೊಂಡಿದ್ದು 10 ಅಡಿಗೆ 12 ಅಡಿ, ಗೋಡೆ ಎತ್ತರ 8 ಅಡಿ, 44 ಮಿಲಿಮೀಟರ್ ಪೈನ್ ಹಲಗೆಯ ಕಿಟ್ ರೂಮು. ಕಿಟ್ ಅಂದ್ರೆ ಹಲಗೆ ಎಲ್ಲಾ ಫ್ಯಾಕ್ಟರಿಲೇ ಕತ್ತರಿಸಿ, ಮೂಲೆಗೆ ಕಚ್ಚು ತೆಗೆದು, ನಂಬರ್ ಹಾಕಿ ಕಳಿಸ್ತಾರೆ, ಇಲ್ಲಿ ಒಂದರ ಮೇಲೊಂದು ಕೂರಿಸ್ತಾ ಹೋಗೋದಷ್ಟೇ, ಗೋಡೆಗೆ ಬೇರೆ ಫ್ರೇಮ್ ಇರಲ್ಲ, ಹಲಗೆನೇ ಗೋಡೆ. ತುರಹಳ್ಳಿ ಕಾಡಿನ ಕಡೆ ನಮ್ಮ ಮನೆ, ಹಿಂದೆ ಒಂದಷ್ಟು ಜಾಗ ಇತ್ತು, ಬೆಳಿಗ್ಗೆ ಹೊತ್ತು ನನ್ನ ಹೊಲಿಗೆ ಕೆಲಸ, ಸಂಜೆ ಮೇಲೆ ನಮ್ಮನೆಯವ್ರ ಆಫೀಸ್ ಕಾಲ್‌ಗಳು, ಅದಕ್ಕೆ ಅಂತ ಮಾಡ್ಸಿದ್ದು. ಕಂಪನಿ ಹೆಸ್ರು ಬರೀತಿಲ್ಲ, ಕೇಳ್ಬೇಡಿ, ಕೆಳಗೆ ಬೈಯೋದೂ ಇದೆ, ಸರ್ವಿಸಿಗೆ ಇನ್ನೂ ಅವ್ರನ್ನೇ ಕರೀಬೇಕು.

ದಪ್ಪದ ವಿಷ್ಯಕ್ಕೆ ಬರೋಣ. ಈ ತರ ಕಿಟ್ಟುಗಳು ಹುಟ್ಟಿದ್ದು ಯೂರೋಪಲ್ಲಿ, ಫಿನ್ಲೆಂಡು, ಎಸ್ಟೋನಿಯಾ, ಜರ್ಮನಿ ಕಡೆ ಮನೆ ಹಿಂದಿನ ತೋಟದಲ್ಲಿ ಇಟ್ಕೊಳ್ಳೋ ಗಾರ್ಡನ್ ಹೌಸು. ಅಲ್ಲಿನ ಲೆಕ್ಕದಲ್ಲಿ 19 ಮಿಮೀ ಅಂದ್ರೆ ಗುದ್ದಲಿ ಸನಿಕೆ ಇಡೋ ಶೆಡ್ಡು, 28 ಅಂದ್ರೆ ಸ್ವಲ್ಪ ಗಟ್ಟಿ ಶೆಡ್ಡು, 40-44 ಬೇಸಿಗೇಲಿ ಕೂತ್ಕೊಳ್ಳೋಕೆ, 58-70 ಚಳಿಗಾಲದಲ್ಲೂ ಹೀಟರ್ ಹಾಕ್ಕೊಂಡು ಇರೋಕೆ. ಹೊರಗೆ ಹಿಮ ಬೀಳ್ತಿರುತ್ತೆ, ಒಳಗಿನ ಬಿಸಿ ಆಚೆ ಸೋರಬಾರ್ದು, ಆ ಒಂದೇ ಉದ್ದೇಶಕ್ಕೆ ಮಾಡಿರೋ ಟೇಬಲ್ ಅದು. ನಮ್ಮೂರಲ್ಲಿ ಜನವರಿ ರಾತ್ರಿ ಅಂದ್ರೆ 15 ಡಿಗ್ರಿ ಆಸುಪಾಸು, ಒಂದು ಸ್ವೆಟರ್ ಸಾಕು. ಆದ್ರೂ ಅದೇ ಟೇಬಲ್ಲನ್ನ ಇಲ್ಲಿ ಲ್ಯಾಮಿನೇಟ್ ಮಾಡಿ ಗೋಡೆಗೆ ಹಾಕ್ಕೊಂಡು ಸೇಲ್ಸ್ ಹುಡುಗ ನಂಗೆ ಪಾಠ ಮಾಡಿದ, "ಮೇಡಂ, 70 ತಗೊಳ್ಳಿ, ಎಸಿನೇ ಬೇಡ, ಕಣ್ಮುಚ್ಕೊಂಡು ತಗೊಳ್ಳಿ". ಕಣ್ಮುಚ್ಕೊಂಡು ತಗೊಳ್ಳೋಕೆ ಅದೇನು ಪ್ರಸಾದಾನಾ.

ಲೆಕ್ಕ ಹಾಕಿ ನೋಡಿ, ಸುತ್ತಳತೆ 44 ಅಡಿ, ಎತ್ತರ 8, ಅಲ್ಲಿಗೆ 352 ಚದರ ಅಡಿ ಗೋಡೆ. ಬಾಗಿಲು ಕಿಟಕಿ ಕಳೀದೆ 28 ಮಿಮೀ ಆದ್ರೆ ಸುಮಾರು 32 ಘನ ಅಡಿ, ಅಂದ್ರೆ 32 ಸಿಎಫ್‌ಟಿ ಮರ, 44 ಆದ್ರೆ 51, 70 ಆದ್ರೆ 81. ಮರ ಮಾರೋದು ಸಿಎಫ್‌ಟಿ ಮೇಲೇ ಅಲ್ವಾ, ಅಂದ್ರೆ 44ರಿಂದ 70ಕ್ಕೆ ಹೋದ್ರೆ ಗೋಡೆ ಮರದ ಖರ್ಚು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ. ಅಷ್ಟು ಕೊಟ್ಟು ಇಲ್ಲಿ ನಮಗೆ ಸಿಗೋದೇನು ಅನ್ನೋದು ಪ್ರಶ್ನೆ.

ಪೈನ್ ಮರ ಶಾಖನ ಸುಲಭಕ್ಕೆ ಒಳಗೆ ಬಿಡಲ್ಲ, ಇಟ್ಟಿಗೆಗಿಂತ ಐದಾರು ಪಟ್ಟು ಚೆನ್ನಾಗಿ ತಡೆಯುತ್ತೆ, ಹಾಗಾಗಿ 44 ಮಿಮೀ ಹಲಗೆ ಶಾಖ ತಡೆಯೋ ವಿಷ್ಯದಲ್ಲಿ ಹೆಚ್ಚುಕಮ್ಮಿ 9 ಇಂಚಿನ ಇಟ್ಟಿಗೆ ಗೋಡೆಗೆ ಸಮ. ಇದು ಕೇಳೋಕೆ ಭಾರಿ ಅನ್ಸುತ್ತೆ, ಆದ್ರೆ ಇನ್ನೊಂದು ಕಡೆ ಇದೆ. ಇಟ್ಟಿಗೆ ಗೋಡೆ ಒಂದು ಚದರ ಮೀಟರಿಗೆ 400 ಕೆಜಿ ಆಸುಪಾಸು ತೂಗುತ್ತೆ, ಈ ಹಲಗೆ 20 ಕೆಜಿ ಚಿಲ್ಲರೆ. ಭಾರ ಇರೋ ಗೋಡೆ ಬಿಸಿಲನ್ನ ಕುಡಿದು ಇಟ್ಕೊಂಡು ನಿಧಾನಕ್ಕೆ ಬಿಡುತ್ತೆ, ಮರಕ್ಕೆ ಆ ಶಕ್ತಿ ಇಲ್ಲ, ಮಧ್ಯಾಹ್ನ ಬೇಗ ಕಾಯುತ್ತೆ, ಸಂಜೆ ಬೇಗ ಆರುತ್ತೆ. ನಮ್ಮ ಅನುಭವ ಕೂಡ ಹಂಗೇ, ಏಪ್ರಿಲ್ಲಲ್ಲಿ ಮೂರು ಗಂಟೆಗೆ ಫ್ಯಾನ್ ಫುಲ್ ಸ್ಪೀಡಲ್ಲಿ ಇರ್ಲೇಬೇಕು, ಅದೇ ಏಳು ಗಂಟೆಗೆ ಕಿಟಕಿ ತೆಗೆದ್ರೆ ಹಾಯಾಗಿರುತ್ತೆ, ಆ ಹೊತ್ತಿಗೆ ನಮ್ಮ ಮೇಲಿನ ಮಹಡಿ ಆರ್‌ಸಿಸಿ ರೂಮು ಇನ್ನೂ ಕೊತಕೊತ ಅಂತಿರುತ್ತೆ, ರಾತ್ರಿ ಹನ್ನೊಂದಾದ್ರೂ ಆರಲ್ಲ.

ಆದ್ರೆ ಆ ಮಧ್ಯಾಹ್ನದ ಶಾಖ ಬರೋದು ಗೋಡೆಯಿಂದ ಅಲ್ಲ, ತಲೆ ಮೇಲಿಂದ. ಬೆಂಗಳೂರಲ್ಲಿ ಏಪ್ರಿಲ್ 24-25ಕ್ಕೆ, ಆಮೇಲೆ ಆಗಸ್ಟ್ 18ರ ಹೊತ್ತಿಗೆ ಶೂನ್ಯ ನೆರಳಿನ ದಿನ ಬರುತ್ತಲ್ಲ, ಮಧ್ಯಾಹ್ನ ಕಂಬ ನಿಲ್ಸಿದ್ರೆ ನೆರಳೇ ಕಾಣಲ್ಲ, ಸೂರ್ಯ ನೆಟ್ಟಗೆ ನೆತ್ತಿ ಮೇಲೆ. ಜರ್ಮನೀಲಿ ಜೂನ್ ತಿಂಗಳ ನಡು ಮಧ್ಯಾಹ್ನ ಕೂಡ ಸೂರ್ಯ ಅಷ್ಟು ಮೇಲೆ ಏರೋದೇ ಇಲ್ಲ. ಅವ್ರ ಗೋಡೆಗೆ ಕೆಲಸ ಜಾಸ್ತಿ, ನಮ್ಮ ರೂಫಿಗೆ ಕೆಲಸ ಜಾಸ್ತಿ. ಕಿಟ್ಟಲ್ಲಿ ಬರೋ ರೂಫು ಏನು ಗೊತ್ತಾ, 19 ಮಿಮೀ ಹಲಗೆ, ಅದರ ಮೇಲೆ ಕರೀ ಟಾರಿನ ಶಿಂಗಲ್ಸು (ಹೆಂಚಿನ ತರ ಒಂದರ ಮೇಲೊಂದು ಹೊದಿಸೋ ಶೀಟ್ ತುಂಡುಗಳು), ಮುಗೀತು. 70 ಮಿಮೀ ಗೋಡೆ ಕಟ್ಟಿ ಮೇಲೆ ಕರೀ ಬಣ್ಣದ್ದು 19 ಹಾಕಿದ್ರೆ ಯಾವ ಪುರುಷಾರ್ಥಕ್ಕೆ? ನಾನು 44ಕ್ಕೆ ನಿಂತು, ಉಳಿದ ದುಡ್ಡಲ್ಲಿ ಹಲಗೆ ಮೇಲೆ 50 ಮಿಮೀ ಇನ್ಸುಲೇಶನ್ ಶೀಟು, ಅದರ ಮೇಲೆ ರೀಪು ಹೊಡೆಸಿ ಗಾಳಿ ಆಡೋಕೆ ಸಂದು, ಮೇಲೆ ತಿಳಿ ಬಣ್ಣದ ಮೆಟಲ್ ಶೀಟು ಹಾಕ್ಸಿದೆ. ಮಂಗಳೂರು ಹೆಂಚು ಹಾಕ್ಸ್ಬೇಕು ಅಂತ ತುಂಬಾ ಆಸೆ ಇತ್ತು, ಭಾರ ಜಾಸ್ತಿ, ತೊಲೆ ಸೈಜು ಏರಿಸ್ಬೇಕು ಅಂದ್ರು, ಅದಕ್ಕಿಂತ ನಮ್ಮ ಕಡೆ ಕೋತಿ ಕಾಟ, ಹೆಂಚಿನ ಮೇಲೆ ಅವು ಕುಣಿದ್ರೆ ಮುಗೀತು ಕಥೆ. ಶೀಟ್ ಮೇಲೆ ಮಳೆ ಸದ್ದು ಜೋರಾಗಿರುತ್ತೆ ಅಂತ ಹೆದರಿಸ್ತಾರೆ, ಕೆಳಗೆ ಇನ್ಸುಲೇಶನ್ನು ಹಲಗೆ ಎರಡೂ ಇದ್ರೆ ಅಷ್ಟೇನಿಲ್ಲ, ಆಫೀಸ್ ಕಾಲ್ ಮಾತಾಡ್ಬಹುದು, ಧೋ ಅಂತ ಸುರಿದಾಗ ಮಾತ್ರ ಮ್ಯೂಟು.

ಹಂಗಾದ್ರೆ 28 ಸಾಕಿತ್ತಲ್ಲ ಅಂತ ಕೇಳ್ತೀರ. ಸಾಮಾನು ತುಂಬೋಕೆ ಆದ್ರೆ ಸಾಕು. ಜನ ಕೂರೋಕೆ ಬೇಡ, ಕಾರಣ ಶಾಖ ಅಲ್ಲ. ನಾನು ನೋಡಿದ 28ರಲ್ಲಿ ಹಲಗೆ ಹಲಗೆ ಸೇರೋ ಕಡೆ ಒಂದೇ ಟಂಗ್ ಅಂಡ್ ಗ್ರೂವ್ (ಒಂದು ಹಲಗೆಯ ಏಣು ಇನ್ನೊಂದರ ಗಾಡಿಯಲ್ಲಿ ಕೂರೋ ಜೋಡಣೆ) ಇತ್ತು, 44ರಲ್ಲಿ ಎರಡು ಇತ್ತು, ಎರಡಿದ್ರೆ ಎರಚಲು ನೀರು ಮೊದಲನೇದನ್ನ ದಾಟಿದ್ರೂ ಎರಡನೇದ್ರಲ್ಲಿ ನಿಲ್ಲುತ್ತೆ. ಇನ್ನೊಂದು, 12 ಅಡಿ ಗೋಡೆ ಮಧ್ಯ ಎಲ್ಲೂ ಆಸರೆ ಇಲ್ದೆ ನಿಲ್ಬೇಕು, ಡಿಸ್‌ಪ್ಲೇಲಿದ್ದ 28 ರೂಮಲ್ಲಿ ನಡು ಗೋಡೆಗೆ ಕೈ ಒತ್ತಿದ್ರೆ ಸಣ್ಣಗೆ ಓಲಾಡ್ತಿತ್ತು. ಗೋಡೆಗೆ ಶೆಲ್ಫ್ ಹೊಡೆದು ಬಟ್ಟೆ ಥಾನು ಜೋಡಿಸೋಳು ನಾನು, ನಂಗೆ ಅದು ಆಗಲ್ಲ. ಟೆರೇಸ್ ಮೇಲೆ ಇಡೋರಿಗೂ ಒಂದು ಮಾತು, ನಮ್ಮ ಸೈಜಿನ 44 ಮಿಮೀ ರೂಮಿನ ಬರೀ ಗೋಡೆನೇ 700 ಕೆಜಿ ಹತ್ರ ತೂಗುತ್ತೆ, ರೂಫು, ಫ್ಲೋರು, ಬೀರು ಎಲ್ಲಾ ಬೇರೆ, ಇಂಜಿನಿಯರ್ ಹತ್ರ ತೋರಿಸ್ದೆ ಹತ್ತಿಸ್ಬೇಡಿ.

ಈಗ ಮರ. ಇಲ್ಲೇ ಅಸಲಿ ಆಟ ಇರೋದು. ಶೋರೂಮಲ್ಲಿ ಎರಡು ಸ್ಯಾಂಪಲ್ ಕೊಟ್ರು, ಒಂದು ಸ್ಪ್ರೂಸು ಒಂದು ಪೈನು, ಎರಡೂ "ಟ್ರೀಟೆಡ್", ಅಂದ್ರೆ ಗೆದ್ದಲು ಹಿಡೀದೆ ಕೊಳೀದೆ ಇರ್ಲಿ ಅಂತ ಔಷಧಿ ಕುಡಿಸಿದ್ದು, ಎರಡೂ ಮೇಲ್ನೋಟಕ್ಕೆ ಒಂದೇ ತರ ಸ್ವಲ್ಪ ಹಸಿರು ಛಾಯೆ. ಸ್ಪ್ರೂಸ್ ಸ್ವಲ್ಪ ಕಡ್ಮೆ ರೇಟು, ಗಂಟುಗಳು ಸಣ್ಣ, ನೋಡೋಕೆ ಇನ್ನೂ ಚೆಂದ. ಎರಡನ್ನೂ ತಂದು ನಮ್ಮ ಮನೆ ಬಾಗಿಲು ಮಾಡಿದ ಆಚಾರ್ರಿಗೆ ಕೊಟ್ಟೆ. ಅವ್ರು ಮಾತೇ ಆಡ್ಲಿಲ್ಲ, ಗರಗಸ ತಗೊಂಡು ಎರಡನ್ನೂ ಅಡ್ಡಕ್ಕೆ ಕೊಯ್ದು, "ನೋಡಮ್ಮ ಇದು" ಅಂತ ಮುಂದೆ ಇಟ್ರು. ಪೈನ್ ತುಂಡಲ್ಲಿ ಹಸಿರು ಒಳಗಿನ ತನಕ ಇಳಿದಿತ್ತು, ಮಧ್ಯ ಒಂದು ಚೂರು ಮಾತ್ರ ಹಳದಿ. ಸ್ಪ್ರೂಸ್ ತುಂಡಲ್ಲಿ ಕಲ್ಲಂಗಡಿ ಸಿಪ್ಪೆ ತರ ಅಂಚಿಗೆ ಮಾತ್ರ ಹಸಿರು, ಒಳಗೆ ಪೂರ್ತಿ ಬಿಳಿ. ಸ್ಪ್ರೂಸಿನ ಗುಣನೇ ಅದು, ಪ್ರೆಶರ್ ಹಾಕಿ ಔಷಧಿ ತುಂಬಿದ್ರೂ ಕುಡಿಯಲ್ಲ, ಪೈನಿನ ಹೊರಭಾಗದ ಮರ ಕುಡಿಯುತ್ತೆ, ನ್ಯೂಜಿಲೆಂಡಿಂದ ಬರೋ ರೇಡಿಯಾಟಾ ಪೈನಲ್ಲಿ ಆ ಭಾಗನೇ ಜಾಸ್ತಿ. ಹಿಮ ಬೀಳೋ ಊರಲ್ಲಿ ಸ್ಪ್ರೂಸ್ ಮೇಲೆ ಬಣ್ಣ ಹೊಡ್ಕೊಂಡು ಸುಖವಾಗಿರ್ತಾರೆ, ಇಲ್ಲಿ ಗೆದ್ದಲಿಗೆ ಒಂದು ಸಣ್ಣ ಬಿರುಕು ಸಿಕ್ರೆ ಸಾಕು, ಆ ಬಿಳಿ ಭಾಗ ಪೂರ್ತಿ ಅದರ ಊಟ.

ಹಾಗಾಗಿ ನೀವು ಯಾರ ಹತ್ರ ತಗೊಂಡ್ರೂ ಸರಿ, ಸ್ಯಾಂಪಲ್ ಕೊಯ್ಸಿ ನೋಡಿ. ಕೊಡಲ್ಲ ಅಂದ್ರೆ ಎದ್ದು ಬನ್ನಿ. ಟ್ರೀಟ್‌ಮೆಂಟ್ ಗ್ರೇಡೂ ಕೇಳಿ, ನ್ಯೂಜಿಲೆಂಡ್ ಮರಕ್ಕೆ ಎಚ್ 3.2 ಅಂದ್ರೆ ಹೊರಗೆ ಮಳೆ ಬಿಸಿಲಿಗೆ ಇರೋಕೆ, ಎಚ್ 4 ಅಂದ್ರೆ ಮಣ್ಣಿಗೆ ತಾಗಿದ್ರೂ ಪರ್ವಾಗಿಲ್ಲ, ಎಚ್ 1.2 ಅಂದ್ರೆ ಮನೆ ಒಳಗಿನ ಫ್ರೇಮಿಗೆ ಮಾತ್ರ, ಅದನ್ನ ಗೋಡೆಗೆ ಅಂಟಿಸೋಕೆ ಬಂದ್ರೆ ಬೇಡ ಅನ್ನಿ. ಪ್ಲೇನಿಂಗ್ ಮಾಡಿ ಕಚ್ಚು ತೆಗೆದ ಮೇಲೆ ಟ್ರೀಟ್ ಮಾಡಿದ್ದಾ ಮುಂಚೆನಾ ಅಂತಾನೂ ಕೇಳಿ, ಮುಂಚೆ ಆದ್ರೆ ಔಷಧಿ ಕುಡಿದ ಭಾಗನೇ ಮೆಷಿನ್ನಲ್ಲಿ ಹೊರಟೋಗಿರುತ್ತೆ. ಸೈಟಲ್ಲಿ ಕೊಯ್ದ ತುದಿಗೆಲ್ಲಾ ಬ್ರಶ್ಶಲ್ಲಿ ಔಷಧಿ ಹಚ್ಲೇಬೇಕು, ನಮ್ಮ ಫಿಟ್ಟರ್ ಹುಡುಗ್ರು ಹಚ್ಚೋ ತರ ಕಾಣ್ಲಿಲ್ಲ, ನಾನೇ ಡಬ್ಬ ಹಿಡ್ಕೊಂಡು ಹಿಂದೆ ಹಿಂದೆ ಓಡಾಡಿದೀನಿ. ಆಮೇಲೆ ಉಳಿದ ತುಂಡುಗಳು. ನಮ್ಮ ಮಾವನವ್ರು ತೀರ್ಥಹಳ್ಳಿ ಕಡೆಯವ್ರು, ಒಳ್ಳೆ ಒಣಗಿದ ಸೌದೆ ಅಂತ ಹಂಡೆ ಒಲೆಗೆ ಜೋಡಿಸಿಟ್ಟಿದ್ರು, ಓಡಿ ಹೋಗಿ ತೆಗ್ಸಿದೆ, ಆ ಹಸಿರು ಔಷಧೀಲಿ ತಾಮ್ರ ಇರುತ್ತೆ, ಹಳೇ ತರದ್ರಲ್ಲಿ ಆರ್ಸೆನಿಕ್ಕೂ ಇರುತ್ತೆ, ಹೊಗೆ ಬೂದಿ ಎರಡೂ ವಿಷ.

ಮಾವನವ್ರಿಗೆ ಪೈನೇ ಇಷ್ಟ ಇರ್ಲಿಲ್ಲ ಬಿಡಿ. "ಅದೆಂಥ ಪ್ಯಾಕಿಂಗ್ ಪೆಟ್ಟಿಗೆ ಮರನಮ್ಮ, ತೇಗ ಹಾಕ್ಸಿ ಇಲ್ಲ ಹೊನ್ನೆ ಹಾಕ್ಸಿ, ಗೇರೆಣ್ಣೆ ಬಳಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಅಂತ. ಅವ್ರು ಹೇಳೋದು ಸುಳ್ಳಲ್ಲ, ಆದ್ರೆ 51 ಸಿಎಫ್‌ಟಿ ತೇಗ ಅಂದ್ರೆ ಆ ದುಡ್ಡಲ್ಲಿ ಇನ್ನೊಂದು ಬೆಡ್‌ರೂಮೇ ಕಟ್ಬಹುದು, ನಂಗೆ ಕೊಟ್ಟ ರೇಟು ಪೈನಿನ ಮೂರು ಪಟ್ಟು ದಾಟಿತ್ತು. ಇನ್ನೊಂದು, ತೇಗ ಅಂದ ತಕ್ಷಣ ಗೆದ್ದಲು ಹಿಡಿಯಲ್ಲ ಅಂತಿಲ್ಲ, ತಡೆಯೋದು ಒಳಗಿನ ಚೇಗು ಮಾತ್ರ, ಹೊರಗಿನ ಬಿಳಿ ಭಾಗಕ್ಕೆ ಆ ತಾಕತ್ತಿಲ್ಲ. ಈಗ ಮಾರ್ಕೆಟ್ಟಿಗೆ ಬರೋ ಪ್ಲಾಂಟೇಶನ್ ತೇಗ ಎಳೇ ಮರ, ಬಿಳಿ ಜಾಸ್ತಿ, ಪಾಲಿಶ್ ಹೊಡೆದ್ರೆ ಗೊತ್ತಾಗಲ್ಲ.

ಕೊನೆಗೆ ಮಾವನವ್ರ ಮಾತೂ ಉಳೀತು ನಮ್ಮ ಪರ್ಸೂ ಉಳೀತು, ಗೋಡೆ ಕೂರೋ ತಳದ ಬೀಮುಗಳು ಮತ್ತೆ ಹೊಸ್ತಿಲು ಮಾತ್ರ ಹೊನ್ನೆ. ನೀರು, ಗೆದ್ದಲು, ಒದ್ದೆ ಕಾಲು ಎಲ್ಲಾ ಮೊದ್ಲು ಬರೋದು ಅಲ್ಲಿಗೇ ತಾನೆ. ಮೈಸೂರು ರೋಡಿನ ಟಿಂಬರ್ ಯಾರ್ಡ್ ಲೇಔಟಲ್ಲಿ ಮಾವನವ್ರೇ ಬಂದು, ಉಗುರಲ್ಲಿ ಕೆರೆದು, ಮೂಸಿ, ಬಿಳಿ ಇರೋದನ್ನೆಲ್ಲಾ ಪಕ್ಕಕ್ಕೆ ತಳ್ಳಿ ಆರಿಸಿದ್ರು, ಅಂಗಡಿಯವ್ನ ಮುಖ ನೋಡ್ಬೇಕಿತ್ತು. ಒಂದು ತೊಂದ್ರೆ, ಹೊನ್ನೆ ನೆನೆದ್ರೆ ಬಣ್ಣ ಬಿಡುತ್ತೆ, ಶುಗರಿಗೆ ಅಂತ ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡೀತಾರಲ್ಲ ಅದೇ ಬಣ್ಣ, ಮೊದಲ ಮಳೆಗೆ ಕೆಳಗಿನ ಕಲ್ಲಿನ ಮೇಲೆ ಕಂದು ಕಲೆ ಬಿತ್ತು, ಹಿಂದುಗಡೆ ಅಂತ ನಾವು ಸುಮ್ಮನಾದ್ವಿ.

ಬೇರೆ ಆಯ್ಕೆಗಳು ಬೇಗ ಹೇಳ್ಬಿಡ್ತೀನಿ. ಕಾಫಿ ತೋಟದ ಸಿಲ್ವರ್ ಓಕು ಅಗ್ಗ, ಆದ್ರೆ ಹೊರಗೆ ಬಾಳಿಕೆ ಇಲ್ಲ, ಒಳಗೆ ಶೆಲ್ಫಿಗೆ ಓಕೆ. ಥರ್ಮೋವುಡ್ ಅಂತ ಬರುತ್ತೆ, 200 ಡಿಗ್ರಿ ಆಸುಪಾಸಲ್ಲಿ ಬೇಯಿಸಿದ ಮರ, ಬಾಗಲ್ಲ, ಉಬ್ಬಲ್ಲ, ಕೊಳೆಯೋದೂ ಕಡ್ಮೆ, ಬಣ್ಣ ಕೂಡ ಕಾಫಿ ಪುಡಿ ಬಣ್ಣ, ಸಖತ್ತಾಗಿರುತ್ತೆ, ಆದ್ರೆ ಗೆದ್ದಲಿಗೆ ಅದು ತಡೆ ಅಲ್ಲ, ಇದನ್ನ ಯಾವ ಸೇಲ್ಸಿನವ್ರೂ ಅವರಾಗೇ ಹೇಳಲ್ಲ. ಸೀಡರ್ ಚೆನ್ನಾಗಿದೆ, ರೇಟ್ ಕೇಳಿ ಫೋನ್ ಇಟ್ಟೆ.

ತಳಪಾಯ. ಕಂಪನಿಯವ್ರು "ಮೇಡಂ, ಲೆವೆಲ್ ಮಾಡಿ ಪೇವರ್ಸ್ ಹಾಕಿ ಸಾಕು" ಅಂದ್ರು, ನಾನು ಒಪ್ಲಿಲ್ಲ. ಸೈಜ್ ಕಲ್ಲಿನ ಗಿಡ್ಡ ಕಂಬಗಳ್ನ ಕಾಂಕ್ರೀಟಲ್ಲಿ ನಿಲ್ಸಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ತಂದು, ಮೇಲೆ ಕಬ್ಬಿಣದ ಪ್ಲೇಟು, ಅದರ ಮೇಲೆ ಹೊನ್ನೆ ಬೀಮು. ಎತ್ತರ ಯಾಕಂದ್ರೆ ಅಡಿಗೆ ಗಾಳಿ ಆಡುತ್ತೆ ಅನ್ನೋದು ಒಂದು, ಅದಕ್ಕಿಂತ ಮುಖ್ಯ ಬಗ್ಗಿ ಟಾರ್ಚ್ ಬಿಟ್ರೆ ಪ್ರತಿ ಕಂಬನೂ ಕಾಣುತ್ತೆ. ಗೆದ್ದಲು ಬಯಲಲ್ಲಿ ನಡೆಯಲ್ಲ, ಮಣ್ಣಿನ ಸಣ್ಣ ಸುರಂಗ ಕಟ್ಕೊಂಡೇ ಕಲ್ಲು ಹತ್ತೋದು, ಆ ಮಣ್ಣಿನ ಗೆರೆ ಕಂಡ್ರೆ ಕೆರೆದು ಔಷಧಿ ಹೊಡೆದ್ರಾಯ್ತು. ಪೇವರ್ಸ್ ಮೇಲೆ ನೇರ ಕೂರಿಸಿದ್ರೆ ಎಲ್ಲಿಂದ ಹತ್ತುತ್ತೆ ಅಂತ ಕಾಣೋದೇ ಇಲ್ಲ, ಕಾಣೋ ಹೊತ್ತಿಗೆ ಫ್ಲೋರು ಟೊಳ್ಳು. ಈ ಮಳೆಗಾಲದಲ್ಲಿ ಒಂದು ಕಂಬದ ಮೇಲೆ ಗೆರೆ ಕಾಣಿಸ್ತು, ಪ್ಲೇಟ್ ಮುಟ್ಟೋ ಮುಂಚೆನೇ ಕೆರೆದು ಹಾಕಿದ್ವಿ.

ಈಗ ಬೈಯೋ ಭಾಗ. ಲಾರಿ ಬಂದ ದಿನ ಹಲಗೆ ಬಂಡಲ್ ಇಳಿಸಿ, ಟಾರ್ಪಾಲೂ ಹೊದಿಸ್ದೆ ಹೊರಟೋದ್ರು, ಸಂಜೆ ಮಳೆ. ಆಚಾರ್ರ ಹತ್ರ ಇದ್ದ, ಮರದೊಳಗಿನ ತೇವ ಅಳೆಯೋ ಮಾಯಿಶ್ಚರ್ ಮೀಟರಲ್ಲಿ ಮೇಲಿನ ಹಲಗೆಗಳು 19 ಪರ್ಸೆಂಟ್ ತೋರಿಸ್ತು, ನಮ್ಮೂರಿಗೆ 12ರ ಹತ್ರ ಇರ್ಬೇಕು. ನಾನು ಒಣಗಲಿ ಅಂದೆ, ಫಿಟ್ಟರ್‌ಗಳಿಗೆ ಬೇರೆ ಸೈಟಿದೆ ಅಂತ ಅವಸರ, ಜಗಳ ಆಡಿ ಕೆಲಸ ಮುಂದಕ್ಕೆ ಹಾಕ್ಸಿದೆ.

ಅದಕ್ಕಿಂತ ದೊಡ್ಡದು ಕಿಟಕಿ. ಮರ ಉದ್ದಕ್ಕೆ ಕುಗ್ಗಲ್ಲ, ಅಗಲಕ್ಕೆ ಕುಗ್ಗುತ್ತೆ, ಉಬ್ಬುತ್ತೆ. ಒಂದು ಹಲಗೆ 140 ಮಿಮೀ ಅಗಲ ಅಂದ್ರೆ 8 ಅಡಿಗೆ 17 ಸಾಲು, ಒಂದೊಂದು ಹಲಗೆ ಎರಡೆರಡು ಮಿಲಿಮೀಟರ್ ಆಡಿದ್ರೂ ಒಟ್ಟು ಗೋಡೆ ಒಂದು ಇಂಚಿಗಿಂತ ಜಾಸ್ತಿ ಮೇಲೆ ಕೆಳಗೆ ಆಗುತ್ತೆ. ಅದಕ್ಕೇ ಈ ತರ ಗೋಡೇಲಿ ಕಿಟಕಿ ಬಾಗಿಲ ಚೌಕಟ್ಟನ್ನ ಹಲಗೆಗೆ ಸ್ಕ್ರೂ ಹೊಡೀಬಾರ್ದು, ಗ್ರೂವಲ್ಲಿ ಜಾರೋ ತರ ಕೂರಿಸಿ, ಮೇಲೆ ಒಂದೂವರೆ ಇಂಚು ಸಂದು ಬಿಟ್ಟು, ಪಟ್ಟಿಯಿಂದ ಮುಚ್ಚಿ, ಆ ಪಟ್ಟೀನೂ ಒಂದೇ ಕಡೆಗೆ ಹೊಡೀಬೇಕು. ಕಂಪನಿ ಮ್ಯಾನ್ಯುಯಲ್ಲಲ್ಲೇ ಚಿತ್ರ ಸಮೇತ ಇದೆ ಇದು. ಫಿಟ್ಟರ್‌ಗಳು ಮಾಡಿದ್ದು ಏನು, ನಾಲ್ಕೂ ಕಡೆ ಸ್ಕ್ರೂ, ಸಂದಿಗೆ ಗಟ್ಟಿ ಆಗೋ ಫೋಮು. ಆಗಸ್ಟಲ್ಲಿ ಹಲಗೆ ಉಬ್ಬಿದಾಗ ಚೌಕಟ್ಟು ಎಳೆದು ಒಂದು ಕಿಟಕಿ ತೆಗೆಯೋಕೇ ಬರ್ಲಿಲ್ಲ, ಅದರ ಮೇಲಿನ ಎರಡು ಹಲಗೆ ಮಧ್ಯ ಬೆಳಕು ಕಾಣೋ ಅಷ್ಟು ಬಾಯಿ ಬಿಟ್ಕೊಂಡಿತ್ತು. ಫೋನ್ ಮಾಡಿದ್ರೆ "ಮೇಡಂ, ಮರ ಅಂದ್ಮೇಲೆ ನ್ಯಾಚುರಲ್" ಅಂತ ಉತ್ತರ. ನ್ಯಾಚುರಲ್ ಅಂತ ಗೊತ್ತಿದ್ದೇ ತಾನೆ ಮ್ಯಾನ್ಯುಯಲ್ಲಲ್ಲಿ ಬರೆದಿರೋದು ಅಂತ ಆ ಪುಟದ ಫೋಟೋ ಕಳಿಸಿದ ಮೇಲೆ ಸೂಪರ್‌ವೈಸರ್ ಬಂದ, ಆತ ಕೆಲಸ ಗೊತ್ತಿರೋನು, ಸ್ಕ್ರೂ ಎಲ್ಲಾ ಬಿಚ್ಚಿ, ಫೋಮ್ ಕೆರೆದು, ಸರಿಯಾಗಿ ಕೂರಿಸಿ ಹೋದ, ದುಡ್ಡೂ ಕೇಳ್ಲಿಲ್ಲ. ಆವತ್ತಿಂದ ಕಿಟಕಿ ಸಲೀಸು.

ಮಳೆ ವಿಷ್ಯದಲ್ಲಿ ಸೂರು ಎಷ್ಟು ಮುಂದೆ ಚಾಚಿದೆ ಅನ್ನೋದೇ ಎಲ್ಲಾ. ಕಿಟ್ಟಲ್ಲಿ ಬರೋದು ಎಂಟು ಇಂಚು, ನಾವು ಎಕ್ಸ್‌ಟ್ರಾ ಕೊಟ್ಟು ಎರಡಡಿ ಮಾಡ್ಸಿದ್ವಿ. ಬಸವನಗುಡಿ, ಮಲ್ಲೇಶ್ವರದ ಹಳೇ ಬಂಗಲೆಗಳಲ್ಲಿ ಕಿಟಕಿ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್ ಇರುತ್ತಲ್ಲ, ಈ ಊರಿನ ಬಿಸಿಲು ಎರಚಲಿಗೆ ಏನು ಬೇಕು ಅಂತ ಅವ್ರಿಗೆ ಆಗ್ಲೇ ಗೊತ್ತಿತ್ತು, ಪಶ್ಚಿಮದ ಕಿಟಕಿಗೆ ಆಚಾರ್ರ ಕೈಲಿ ಅಂಥದ್ದೇ ಒಂದು ಚಿಕ್ಕದು ಮಾಡ್ಸಿ ಹಾಕ್ಸಿದೀನಿ, ಇಡೀ ರೂಮಲ್ಲಿ ಬಂದೋರೆಲ್ಲಾ ಫೋಟೋ ತೆಗೆಯೋದು ಅದನ್ನೇ. ಸೆಪ್ಟೆಂಬರ್ ಅಕ್ಟೋಬರ್ ಮಳೆಗೂ ಒಳಗೆ ಒಂದು ಹನಿ ಬಂದಿಲ್ಲ, ಥಾನುಗಳಿಗೆ ಬೂಸ್ಟು ವಾಸನೆ ಹತ್ತಿಲ್ಲ. ಹೊರಗೋಡೆಗೆ ಲಿನ್‌ಸೀಡ್ ಎಣ್ಣೆ ಒಂದೇ ಸಾಕು ಅನ್ನೋರ ಮಾತು ಕೇಳ್ಬೇಡಿ, ನಮ್ಮ ಮಳೆಗಾಲಕ್ಕೆ ಅದರ ಮೇಲೆ ಕಪ್ಪು ಬೂಸ್ಟು ಬರುತ್ತೆ, ಬಣ್ಣ ಇರೋ ಎಕ್ಸ್‌ಟೀರಿಯರ್ ವುಡ್ ಸ್ಟೇನೇ ಹೊಡೆಸಿ, ಆ ಬಣ್ಣನೇ ಬಿಸಿಲನ್ನ ತಡೆಯೋದು. ಪಶ್ಚಿಮದ ಗೋಡೆ ಈಗ್ಲೇ ಸ್ವಲ್ಪ ಮಂಕಾಗಿದೆ, ಯುಗಾದಿ ಮುಂಚೆ ಆ ಒಂದು ಗೋಡೆಗೆ ಇನ್ನೊಂದು ಕೋಟ್ ಬೇಕು. ಈ ಉಪಚಾರ ಮಾಡೋಕೆ ಆಗದವ್ರು ಸುಮ್ನೆ ಇಟ್ಟಿಗೆ ಕಟ್ಸಿ.

ತಳಪಾಯ, ರೂಫಿನ ಎಕ್ಸ್‌ಟ್ರಾ, ಕರೆಂಟ್ ಕೆಲಸ ಎಲ್ಲಾ ಸೇರಿ ಐದು ಲಕ್ಷ ದಾಟ್ತು. ಮರಕ್ಕೆ 5ಕ್ಕೆ 4.5, ಕಿಟ್ಟಿನ ಫ್ಯಾಕ್ಟರಿ ಕೆಲಸಕ್ಕೆ 4, ಕಿಟ್ಟಿನ ರೂಫಿಗೆ 1.5, ಫಿಟ್ಟಿಂಗ್ ಟೀಮಿಗೆ 2, ಆ ಸೂಪರ್‌ವೈಸರ್ ಒಬ್ಬನಿಗೆ 5. ಯಾರಾದ್ರೂ ತಗೊಳ್ಳೋ ಹಂಗಿದ್ರೆ 44 ತಗೊಳ್ಳಿ, ಪೈನ್ ತಗೊಳ್ಳಿ, ಕಿಟಕಿ ಕೂರಿಸೋ ದಿನ ಮಾತ್ರ ಮನೇಲಿರಿ, ಸ್ಕ್ರೂ ಮೆಷಿನ್ ಸದ್ದು ಕೇಳಿದ ತಕ್ಷಣ ಹೋಗಿ ನಿಲ್ಸಿ.